ಗರಸು ದಾರಿಗೆ ಮೂವತ್ತೆರಡರ ಟೈರು

ಚಟ್ನಿಪುಡಿ ತೂಗುವ ತಕ್ಕಡಿಯನ್ನು ಒರೆಸಿ ಮೊದಲು ನನ್ನ ರೋಡ್ ಸೈಕಲ್ಲಿನ ಹಳೆಯ, 25 ಮಿಲಿಮೀಟರ್ ಅಗಲದ ಟೈರನ್ನು ಇಟ್ಟೆ: 228 ಗ್ರಾಂ. ಆಮೇಲೆ ಮಣ್ಣು ದಾರಿಗೆಂದು ತಂದ 32 ಮಿಲಿಮೀಟರ್ ಅಗಲದ ಹೊಸದನ್ನು ಇಟ್ಟೆ: 342 ಗ್ರಾಂ. ಡಬ್ಬಿಯ ಮೇಲೆ 330 ಎಂದು ಅಚ್ಚಾಗಿತ್ತು. ಒಂದೊಂದು ಗಾಲಿಗೆ 114 ಗ್ರಾಂ ಹೆಚ್ಚು ಭಾರ, ಅದೂ ಗಾಲಿಯ ಅಂಚಿನಲ್ಲಿ. ರೋಡ್ ಸೈಕಲ್ ಓಡಿಸುವವರು ಆ ಅಂಚಿನ ಭಾರಕ್ಕೆ ಎಷ್ಟು ಹೆದರುತ್ತಾರೆ ಎಂಬುದು ನನಗೆ ಗೊತ್ತು. ಆ ಭಾರವನ್ನು ನವೆಂಬರಿನಿಂದ ಮಾರ್ಚ್‌ವರೆಗೆ 1,850 ಕಿಲೋಮೀಟರ್ ತಿರುಗಿಸಿದ್ದೇನೆ. ಅದರಲ್ಲಿ ಮೂರರಲ್ಲಿ ಒಂದು ಪಾಲು ಡಾಂಬರಿಲ್ಲದ ದಾರಿ. ಇಷ್ಟು ಓಡಿಸಿದ ಮೇಲೆ ಧೈರ್ಯವಾಗಿ ಹೇಳುತ್ತೇನೆ: ಸೈಕಲ್ಲಿಗೆ ನಾನು ಈವರೆಗೆ ಮಾಡಿದ ಖರ್ಚಿನಲ್ಲಿ ಇದರಷ್ಟು ಸಾರ್ಥಕವಾದದ್ದು ಇನ್ನೊಂದಿಲ್ಲ. ಎರಡು ಟೈರಿಗೆ 4,600 ರೂಪಾಯಿ, ಎರಡು ಟ್ಯೂಬಿಗೆ 900.

ಪುಣೆಯ ಧಾಯರಿಯಲ್ಲಿ ನಮ್ಮದು ಜೋಳದ ರೊಟ್ಟಿ, ಶೇಂಗಾ ಚಟ್ನಿಯ ಅಂಗಡಿ. ಹತ್ತು ಗಂಟೆಗೆ ಬಾಗಿಲು ತೆರೆಯಬೇಕು. ಹಾಗಾಗಿ ನನ್ನ ಸೈಕಲ್ ಸವಾರಿ ಏನಿದ್ದರೂ ಬೆಳಗಿನ ಐದೂವರೆಯಿಂದ ಎಂಟರೊಳಗೆ. ಭಾನುವಾರ ಮಾತ್ರ ನಾದಿನಿ ಅಂಗಡಿ ನೋಡಿಕೊಳ್ಳುತ್ತಾಳೆ, ಅಂದು ದೂರ ಹೋಗುತ್ತೇನೆ. ಸೈಕಲ್ಲು ಅಲ್ಯೂಮಿನಿಯಂ ಚೌಕಟ್ಟಿನದು, ಡಿಸ್ಕ್ ಬ್ರೇಕಿನದು, 2019ರಲ್ಲಿ ಕೊಂಡದ್ದು. ಬಂದಾಗ ಇದ್ದದ್ದು 25 ಮಿಲಿಮೀಟರ್ ಅಗಲದ ಟೈರು. ಆರು ವರ್ಷ ಅದೇ ಅಗಲದ ಮೇಲೆ ಸಿಂಹಗಡ ರಸ್ತೆ, ಖಡಕವಾಸಲಾ, ಪಾನಶೇತ್ ಎಂದು ಅದೇ ಡಾಂಬರನ್ನು ತುಳಿದೆ. ಬರುಬರುತ್ತಾ ಆ ರಸ್ತೆಯ ವಾಹನಗಳು ಬೆಳಗಿನ ಆರಕ್ಕೇ ಎದ್ದು ಕೂರತೊಡಗಿದವು. ಡಂಪರ್ ಲಾರಿಯೊಂದು ಮೊಣಕೈಗೆ ಗಾಳಿ ಸೋಕುವಷ್ಟು ಹತ್ತಿರದಿಂದ ಹೋದ ದಿನ, ಬಲಕ್ಕೆ ಕಾಲುವೆಯ ದಂಡೆಯ ಮೇಲೆ ನಡೆದಾಡುವವರನ್ನು ನೋಡಿದೆ. ಅವರಿಗೆ ಅಷ್ಟು ನೆಮ್ಮದಿಯ ದಾರಿ ಇರುವಾಗ ನಾನೇಕೆ ಇಲ್ಲಿದ್ದೇನೆ ಎನ್ನಿಸಿತು.

ಅದು ಖಡಕವಾಸಲಾ ಅಣೆಕಟ್ಟಿನಿಂದ ಹೊರಟು ಊರನ್ನು ಸೀಳಿಕೊಂಡು ಹಡಪಸರ ದಾಟಿ, ದೌಂಡ, ಇಂದಾಪುರದ ಕಡೆ ಹರಿಯುವ ಮುಠಾ ಬಲದಂಡೆ ಕಾಲುವೆ. 2018ರ ಸೆಪ್ಟೆಂಬರಿನಲ್ಲಿ ಪರ್ವತಿಯ ಬಳಿ ಇದರ ದಂಡೆ ಒಡೆದು ದಾಂಡೇಕರ್ ಸೇತುವೆಯ ಕಡೆಯ ಮನೆಗಳಿಗೆ ನೀರು ನುಗ್ಗಿದ್ದನ್ನು ಪುಣೆಯವರು ಮರೆತಿಲ್ಲ. ಉಳಿದ ದಿನಗಳಲ್ಲಿ ಅದು ಶಾಂತ. ಒಂದು ಕಡೆ ನೀರು, ಇನ್ನೊಂದು ಕಡೆ ಜಾಲಿ ಗಿಡಗಳ ಸಾಲು, ನಡುವೆ ಕೆಂಪುಕಂದು ಮಣ್ಣಿನ ದಾರಿ.

ಆ 25ರ ಟೈರಿನಲ್ಲೇ ಇಳಿದೆ. ಗಾಳಿ 90 ಪಿಎಸ್‌ಐ (ಟೈರಿನೊಳಗಿನ ಗಾಳಿಯ ಒತ್ತಡದ ಅಳತೆ), ಡಾಂಬರಿಗೆ ಹಾಕುವಷ್ಟೇ. ನೂರು ಮೀಟರ್ ಹೋಗುವಷ್ಟರಲ್ಲಿ ಹಲ್ಲು ಕಟಕಟ ಅಲುಗಿದವು, ನೀರಿನ ಬಾಟಲಿ ಹಾರಿ ಬಿತ್ತು. ಗಾಳಿ ಇಳಿಸಿದರೆ ಮೆತ್ತಗಾದೀತು ಎಂದು 60ಕ್ಕೆ ಇಳಿಸಿದೆ. ಮೆತ್ತಗಾಯಿತು, ನಿಜ. ಆದರೆ ಹುಗಿದು ಕುಳಿತಿದ್ದ ಒಂದು ಗುಂಡುಕಲ್ಲಿಗೆ ಹಿಂದಿನ ಗಾಲಿ ತಾಗಿದಾಗ ಕಬ್ಬಿಣಕ್ಕೆ ಕಲ್ಲು ಬಡಿದ ಸದ್ದು ಬಂತು, ಟೈರು ಕುಸಿಯಿತು. ಟ್ಯೂಬು ಬಿಚ್ಚಿ ನೋಡಿದರೆ ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು. ತೆಳ್ಳನೆಯ ಟೈರಿನಲ್ಲಿ ಗಾಳಿ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿಕೊಂಡು ಚಪ್ಪಟೆಯಾಗುತ್ತದೆ. ರಿಮ್ಮಿನ ಎರಡು ಅಂಚು ಎರಡು ಕಡೆ ಕಚ್ಚುತ್ತವೆ. ಗಾಳಿ ಹೆಚ್ಚಿದ್ದರೆ ಮೈ ನುಗ್ಗಾಗುತ್ತದೆ, ಕಡಿಮೆಯಿದ್ದರೆ ಟ್ಯೂಬು ಹೋಗುತ್ತದೆ. 25ರ ಟೈರಿನಲ್ಲಿ ಈ ಎರಡರ ನಡುವೆ ಉಳಿಯುವ ಜಾಗ ತೀರಾ ಸಣ್ಣದು. ಅಗಲ ಹೆಚ್ಚಿದಷ್ಟೂ ಆ ಜಾಗ ಹೆಚ್ಚುತ್ತದೆ.

ನಮ್ಮ ಮೆಕ್ಯಾನಿಕ್ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಹುಡುಗ. ಅವನ ಅಂಗಡಿ ಎಂದರೆ ಒಂದು ಶಟರು, ಒಂದು ಸ್ಟ್ಯಾಂಡು, ಗೋಡೆಯ ತುಂಬಾ ಕೀಲಿಗಳು. ನಾನು ಮಣ್ಣು ದಾರಿಗೆಂದೇ ಮಾಡಿದ, ಅಗಲ ಟೈರಿನ ಗ್ರಾವೆಲ್ ಸೈಕಲ್ಲನ್ನೇ ಕೊಳ್ಳುವ ವಿಚಾರದಲ್ಲಿದ್ದೇನೆ ಎಂದಾಗ ಅವನು ಕೈ ಒರೆಸಿಕೊಂಡು ಎದ್ದ.

"ಅಕ್ಕಾ, ಅಷ್ಟು ದುಡ್ಡು ಯಾಕೆ ಹಾಕುತ್ತೀರಿ? ಮೊದಲು ಇದಕ್ಕೆ ಎಷ್ಟು ಅಗಲ ಹಿಡಿಸುತ್ತದೆ ನೋಡೋಣ."

"ಹಿಡಿಸದಿದ್ದರೆ ಏನು ಮಾಡುವುದು, ತಮ್ಮಾ?"

"ಹಿಡಿಸದಿದ್ದರೆ ಹಾಕುವುದಿಲ್ಲ. ಗಾಲಿ ಚೌಕಟ್ಟಿಗೆ ಉಜ್ಜಿದರೆ ಚೌಕಟ್ಟೇ ಹೋಗುತ್ತದೆ."

ಅವನ ಅಳತೆಗೋಲು ಅಲೆನ್ ಕೀಲಿಯ ಗೊಂಚಲು. ಗಾಲಿಯನ್ನು ಸ್ಟ್ಯಾಂಡಿನಲ್ಲಿ ನಿಧಾನವಾಗಿ ತಿರುಗಿಸುತ್ತಾ, ಟೈರಿಗೂ ಚೌಕಟ್ಟಿಗೂ ನಡುವಿನ ಸಂದಿಯಲ್ಲಿ 4 ಮಿಲಿಮೀಟರಿನ ಕೀಲಿ ಎಲ್ಲ ಕಡೆಯೂ ಸಲೀಸಾಗಿ ಹಾಯಬೇಕು ಎಂಬುದು ಅವನ ನಿಯಮ. ಪೆಡಲಿನ ಬುಡದಿಂದ ಹಿಂದಿನ ಗಾಲಿಗೆ ಹೋಗುವ ಎರಡು ಕೊಳವೆಗಳ ನಡುವಿನ ಜಾಗವೇ ಎಲ್ಲಕ್ಕಿಂತ ಇಕ್ಕಟ್ಟು. ಅಲ್ಲಿ 32ರ ಟೈರು ಹಾಕಿ ನೋಡಿದಾಗ 5ರ ಕೀಲಿ ಹಾಯಿತು, 6ರದು ತಡೆಯಿತು. ಮುಂದಿನ ಫೋರ್ಕಿನಲ್ಲಿ ಜಾಗ ಧಾರಾಳವಾಗಿತ್ತು. ನನ್ನದು ಡಿಸ್ಕ್ ಬ್ರೇಕು ಇದ್ದದ್ದಕ್ಕೆ ಇದು ನಡೆಯಿತು. ರಿಮ್ಮನ್ನು ಹಿಡಿಯುವ ಹಳೆಯ ಬಗೆಯ ಬ್ರೇಕಿನ ರೋಡ್ ಸೈಕಲ್ಲುಗಳಲ್ಲಿ ಬ್ರೇಕಿನ ಕಮಾನೇ ಅಡ್ಡ ಬರುತ್ತದೆ, ಹೆಚ್ಚಿನವುಗಳಿಗೆ 25 ಅಥವಾ 28ಕ್ಕೇ ಮುಗಿಯುತ್ತದೆ. ಅಂಥ ಸೈಕಲ್ಲಿದ್ದವರು ದಯವಿಟ್ಟು ನನ್ನ ಮಾತು ಕೇಳಿ ನೇರವಾಗಿ 32 ಕೊಳ್ಳಬೇಡಿ.

ಟೈರಿನ ಪಕ್ಕೆಯ ಮೇಲೆ 32-622 ಎಂದು ಬರೆದಿದೆ. ಮೊದಲಿನದು ಅಗಲ, ಎರಡನೆಯದು ಟೈರು ರಿಮ್ಮಿನಲ್ಲಿ ಕೂರುವ ವೃತ್ತದ ವ್ಯಾಸ. ರೋಡ್ ಸೈಕಲ್ಲುಗಳಲ್ಲಿ ಸಾಮಾನ್ಯವಾದ 700ಸಿ ಎಂಬ ಅಳತೆಯ ಗಾಲಿಗೆಲ್ಲ ಈ 622 ಒಂದೇ, ಅದು ಹೊಂದಿದರೆ ಸಾಕು. ಅಗಲ ಮಾತ್ರ ರಿಮ್ಮಿನ ಒಳ ಅಗಲಕ್ಕೆ ತಕ್ಕಂತೆ ಸ್ವಲ್ಪ ಹಿಗ್ಗುತ್ತದೆ, ಕುಗ್ಗುತ್ತದೆ. ನನ್ನ ರಿಮ್ಮಿನ ಒಳ ಅಗಲ 17 ಮಿಲಿಮೀಟರ್. ಗಾಳಿ ಹಾಕಿ ಎರಡು ದಿನ ಬಿಟ್ಟು ಅಳೆದಾಗ ಟೈರು 31.4 ಬಂತು. ಮೈ ನಡುವೆ ನುಣುಪು, ಎರಡು ಅಂಚಿಗೆ ಮೆಂತ್ಯದ ಕಾಳಿನಷ್ಟು, ಮೆಂತ್ಯದ ಕಾಳಿನ ಹಾಗೆಯೇ ಚೌಕಾದ ಗುಬುಟುಗಳು. ಕಂಪನಿಯ ಹೆಸರು ಬರೆಯುತ್ತಿಲ್ಲ, ನನಗೆ ಹೇಳಬೇಕಾದದ್ದು ಈ ಅಳತೆಯ ಬಗ್ಗೆ. ಇಂಥ ಟೈರನ್ನು ಹಲವು ಕಂಪನಿಗಳು ಮಾಡುತ್ತವೆ.

ಈಗ ದಾರಿಯ ಮಾತು. ಇಂಗ್ಲಿಷಿನವರು ಇದನ್ನೆಲ್ಲ ಗ್ರಾವೆಲ್ ಎಂಬ ಒಂದೇ ಪದದಲ್ಲಿ ಮುಗಿಸುತ್ತಾರೆ. ನಾನು ಹುಟ್ಟಿ ಬೆಳೆದದ್ದು ಗದಗ ಜಿಲ್ಲೆಯ ರೋಣದ ಕಡೆ. ನಮ್ಮಲ್ಲಿ ಗರಸು ಬೇರೆ, ಕಡಿ ಬೇರೆ, ಉಸುಕು ಬೇರೆ. ಇಲ್ಲಿನ ಮರಾಠಿಯವರೂ ಮುರೂಮ್ ಬೇರೆ, ಖಡಿ ಬೇರೆ ಎನ್ನುತ್ತಾರೆ. ಟೈರಿಗೂ ಈ ವ್ಯತ್ಯಾಸ ಚೆನ್ನಾಗಿ ಗೊತ್ತು, ಐದು ತಿಂಗಳಲ್ಲಿ ನಾನು ಕಲಿತದ್ದು ಮುಖ್ಯವಾಗಿ ಇದನ್ನೇ.

ಪುಣೆಯ ಸುತ್ತಲಿನ ನೆಲವೆಲ್ಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಿದು ಹೆಪ್ಪುಗಟ್ಟಿದ ಲಾವಾದ ಕಪ್ಪು ಕಲ್ಲು. ಅದು ಬಿಸಿಲು ಮಳೆಗೆ ತಾನಾಗಿ ಸವೆದು, ಕೊಳೆತು ಪುಡಿಯಾದರೆ ಗರಸು. ಅಂಚುಗಳೆಲ್ಲ ಮೊಂಡಾಗಿರುತ್ತವೆ, ನಡುವೆ ಜಿಗುಟು ಮಣ್ಣಿರುತ್ತದೆ, ಒಂದು ಮಳೆಗಾಲ ಎತ್ತಿನ ಗಾಡಿ, ಟ್ರ್ಯಾಕ್ಟರು ಓಡಾಡಿದರೆ ಸಾಕು, ಗಾರೆ ನೆಲದ ಹಾಗೆ ಕೂರುತ್ತದೆ. ಅದೇ ಕಲ್ಲನ್ನು ಯಂತ್ರಕ್ಕೆ ಹಾಕಿ ಒಡೆದರೆ ಕಡಿ. ಅದರ ಒಂದೊಂದು ಅಂಚೂ ಈಗ ತಾನೇ ಸೀಳಿದ ಗಾಜಿನ ಹಾಗೆ. ಅದು ಒಂದಕ್ಕೊಂದು ಕೂರುವುದಿಲ್ಲ, ಗಾಲಿಯ ಕೆಳಗೆ ಹೊರಳುತ್ತದೆ. ಒಂದೇ ಕಲ್ಲಿನ ಮಕ್ಕಳು, ಗುಣ ಮಾತ್ರ ಬೇರೆ ಬೇರೆ.

ಗರಸಿನ ಮೇಲೆ ಈ ಟೈರು ಬಂಗಾರ. ನನ್ನ ತೂಕ 61 ಕಿಲೋ. ಹಿಂದೆ 44, ಮುಂದೆ 40 ಪಿಎಸ್‌ಐ ಗಾಳಿ ಇಟ್ಟುಕೊಳ್ಳುತ್ತೇನೆ. ಕಾಲುವೆ ದಂಡೆಯ ಅದೇ ದಾರಿ, ಅದೇ ಸೈಕಲ್ಲು, ಹಲ್ಲು ಅಲುಗುವುದು ನಿಂತಿತು. ಗಟ್ಟಿ ಟೈರು ಪ್ರತಿ ಕಲ್ಲಿಗೂ ಸೈಕಲ್ಲನ್ನೂ ನನ್ನನ್ನೂ ಎತ್ತಿ ಹಾಕುತ್ತದೆ, ತುಳಿದ ಶಕ್ತಿಯೆಲ್ಲ ಆ ಎತ್ತಾಟದಲ್ಲೇ ಹೋಗುತ್ತದೆ. ಮೆತ್ತನೆಯ ಟೈರು ಕಲ್ಲನ್ನು ತನ್ನ ಮೈಯೊಳಗೆ ಅದುಮಿಕೊಂಡು ದಾಟುತ್ತದೆ. ಮೊದಲ ದಿನ ಬಗ್ಗಿ ನೋಡುತ್ತಲೇ ಓಡಿಸಿದೆ: ಅಡಿಕೆಯಷ್ಟು ಕಲ್ಲೊಂದು ಮುಂದಿನ ಗಾಲಿಯ ಕೆಳಗೆ ಬಂತು, ರಬ್ಬರು ಒಂದು ಕ್ಷಣ ಒಳಕ್ಕೆ ತಗ್ಗಿತು, ಹ್ಯಾಂಡಲ್ಲಿಗೆ ಏನೂ ತಿಳಿಯಲಿಲ್ಲ. ಗರಸಿನ ಸದ್ದು ಕೂಡ ಬೇರೆ. ಹಸಿ ಮಂಡಕ್ಕಿ ತುಳಿದಂತಲ್ಲ, ಚೆನ್ನಾಗಿ ಹುರಿದ ಶೇಂಗಾ ಸಿಪ್ಪೆಯನ್ನು ಅಂಗೈಯಲ್ಲಿ ಉಜ್ಜಿದ ಸದ್ದು. ದಿನವೂ ಆ ಸದ್ದು ಕೇಳುವ ನನಗೆ ದಾರಿಯಲ್ಲೂ ಅದು ಸಿಕ್ಕಿದ್ದು ಸಂತೋಷ ಕೊಟ್ಟಿತು.

ಉಸುಕಿನಲ್ಲಿ ಈ ಟೈರು ಸೋಲುತ್ತದೆ. ಹಳ್ಳ ದಾಟುವ ಕಡೆ ಉಸುಕು ನಾಲ್ಕು ಬೆರಳು ಆಳವಿದ್ದರೆ ಮುಂದಿನ ಗಾಲಿ ಹೂತು ಹೊರಳುತ್ತದೆ. ಇಳಿದು ತಳ್ಳುವುದೇ ಸರಿ. ಎರೆ ಮಣ್ಣು ಒಣಗಿದ್ದರೆ ಅಡ್ಡಿಯಿಲ್ಲ, ಹಸಿಯಿದ್ದರೆ ಹೋಗಲೇಬಾರದು. ಆ ಮಣ್ಣು ಟೈರಿಗೆ ಮೆತ್ತಿ, 5 ಮಿಲಿಮೀಟರಿನ ಸಂದಿಯನ್ನು ತುಂಬಿ ಗಾಲಿಯನ್ನೇ ನಿಲ್ಲಿಸುತ್ತದೆ. ಜಾಗ ಹೆಚ್ಚಿರುವ ನಿಜವಾದ ಗ್ರಾವೆಲ್ ಸೈಕಲ್ಲಿನ ಮುಂದೆ ನನ್ನದು ಸೋಲುವುದು ಇಲ್ಲಿ.

ಕಡಿಯ ಕಥೆಯನ್ನು ಖಂಡೋಬನ ಕ್ಷೇತ್ರವಾದ ಜೇಜುರಿಯ ಪ್ರಯಾಣದ ಜೊತೆಗೇ ಹೇಳಬೇಕು. ಜನವರಿಯ ಒಂದು ಭಾನುವಾರ ಕಾತ್ರಜ, ಕೋಂಢ್ವಾ ಹಾದು ಬೋಪದೇವ ಘಾಟ್ ಹತ್ತಿದೆ. ಘಾಟ್ ಡಾಂಬರಿನದು, ಅದರ ಬಗ್ಗೆ ಬರೆಯುವಂಥದ್ದೇನಿಲ್ಲ. ನೆತ್ತಿ ದಾಟಿ ಸಾಸವಡದ ಕಡೆ ಇಳಿಯುವಾಗ ದಾರಿಯ ಎರಡೂ ಪಕ್ಕ ಅಂಜೂರ, ಸೀತಾಫಲದ ತೋಟಗಳು. ಅವುಗಳ ನಡುವೆ ಹೊಲಕ್ಕೆ ಹೋಗುವ ಗರಸು ದಾರಿಗಳು ಒಂದರಿಂದ ಒಂದು ಕವಲೊಡೆಯುತ್ತವೆ. ಪುರಂದರ ಕೋಟೆಯನ್ನು ಬಲಕ್ಕೆ ಇಟ್ಟುಕೊಂಡು ಆ ದಾರಿಗಳಲ್ಲೇ ಹನ್ನೊಂದು ಕಿಲೋಮೀಟರ್ ಹೋದೆ. ಒಂದು ವಾಹನವೂ ಎದುರಾಗಲಿಲ್ಲ, ಕುರಿ ಹಿಂಡೊಂದು ಮಾತ್ರ ಎದುರಾಯಿತು. ಏರು ಇರುವಲ್ಲಿ ನನ್ನ ಸೈಕಲ್ಲಿನ ಚೈನು ಕೂರುವ ಚಕ್ರಗಳ ಹಲ್ಲುಗಳ ಲೆಕ್ಕವೂ ಕೆಲಸಕ್ಕೆ ಬಂತು: ಮುಂದೆ ಚಿಕ್ಕದು 34, ಹಿಂದೆ ದೊಡ್ಡದು 32. ಒಂದು ಸುತ್ತು ತುಳಿದರೆ ಸೈಕಲ್ಲು ಎರಡೂಕಾಲು ಮೀಟರಿಗಿಂತ ತುಸು ಹೆಚ್ಚು ಮಾತ್ರ ಮುಂದೆ ಹೋಗುತ್ತದೆ. ಸಡಿಲ ಮಣ್ಣಿನ ಏರಿನಲ್ಲಿ ಎದ್ದು ನಿಂತು ತುಳಿದರೆ ಹಿಂದಿನ ಗಾಲಿ ಜಾರುತ್ತದೆ. ಕುಳಿತೇ ತುಳಿಯಬೇಕು, ಅದಕ್ಕೆ ಇಷ್ಟು ಹಗುರ ಹಲ್ಲು ಬೇಕೇ ಬೇಕು. ಹಿಂದೆ 25 ಹಲ್ಲಿನವರೆಗೆ ಮಾತ್ರ ಇರುವವರು ಟೈರಿನ ಜೊತೆ ಅದನ್ನೂ ಬದಲಿಸುವ ವಿಚಾರ ಮಾಡಲಿ.

ಜೇಜುರಿಯ ಬೀದಿಗಳಲ್ಲಿ ಭಂಡಾರ ಚೆಲ್ಲಿ ನೆಲವೇ ಅರಿಶಿನವಾಗಿತ್ತು. ನಮ್ಮ ಮನೆದೇವರು ಮೈಲಾರಲಿಂಗ. ಇಲ್ಲಿ ಖಂಡೋಬನಿಗೆ 'ಯೇಳಕೋಟ' ಎಂದು ಕೂಗುವುದನ್ನು ನಮ್ಮಲ್ಲಿ 'ಏಳುಕೋಟಿ' ಎನ್ನುತ್ತೇವೆ. ಕೂಗು ಕೇಳಿದರೆ ನನಗೆ ಊರ ಜಾತ್ರೆಯಲ್ಲಿ ನಿಂತಂತೆ. ಸೈಕಲ್ಲನ್ನು ಚಹಾದ ಅಂಗಡಿಯಲ್ಲಿ ಬಿಟ್ಟು ಮೆಟ್ಟಿಲು ಹತ್ತಿ ಕೈಮುಗಿದು ಬಂದೆ. ಬಂದು ನೋಡಿದರೆ ಟೈರಿನ ಆ ಮೆಂತ್ಯದ ಕಾಳುಗಳ ಸಂದಿಯಲ್ಲೆಲ್ಲ ಹಳದಿ ತುಂಬಿಕೊಂಡಿತ್ತು. ಅದನ್ನು ತೊಳೆಯಲು ಮನಸ್ಸಾಗಲಿಲ್ಲ, ಮುಂದೆ ವಾರವಿಡೀ ಹಾಗೇ ಇತ್ತು.

ಕರ್ಹಾ ನದಿಗೆ ಕಟ್ಟಿದ ನಾಝರೆ ಅಣೆಕಟ್ಟಿನ ನೀರು ನೋಡಿಕೊಂಡು ಹಿಂದಿರುಗುವಾಗ ರಸ್ತೆ ಅಗಲ ಮಾಡುತ್ತಿದ್ದ ಕಡೆ ಸಿಕ್ಕಿಕೊಂಡೆ. ಹೊಸದಾಗಿ ಸುರಿದ ಕಡಿ, ಇನ್ನೂ ರೋಲರ್ ಓಡಿರಲಿಲ್ಲ. ಇನ್ನೂರು ಮೀಟರ್ ಅಷ್ಟೇ ತಾನೇ ಎಂದು ಓಡಿಸಿದ್ದು ನನ್ನ ತಪ್ಪು. ಹಿಂದಿನ ಟೈರಿನ ಪಕ್ಕೆಯಲ್ಲಿ ಕಿರುಬೆರಳಿನ ಉಗುರಿನಷ್ಟು ಸೀಳು ಬಿತ್ತು, ಅದರೊಳಗಿಂದ ಟ್ಯೂಬು ಗುಳ್ಳೆಯಂತೆ ಇಣುಕಿ ಒಡೆಯಿತು. ಹೊಸ ಟ್ಯೂಬು ಹಾಕಿದರೂ ಅದೂ ಅದೇ ಸೀಳಿನಲ್ಲಿ ಇಣುಕುತ್ತದೆ. ಊಟಕ್ಕೆಂದು ತಂದಿದ್ದ ಶೇಂಗಾ ಚಟ್ನಿಯ ಪೊಟ್ಟಣ ಖಾಲಿಯಾಗಿತ್ತು. ನಮ್ಮ ಅಂಗಡಿಯದು ದಪ್ಪ ಪೊಟ್ಟಣ, ಎಣ್ಣೆ ಹೊರಬರಬಾರದೆಂದು ಹೆಚ್ಚು ಬೆಲೆ ಕೊಟ್ಟು ತರಿಸುವುದು. ಅದನ್ನು ಒರೆಸಿ, ನಾಲ್ಕು ಮಡಿಕೆ ಮಾಡಿ, ಟೈರಿನ ಒಳಗಿನಿಂದ ಸೀಳಿಗೆ ಅಡ್ಡ ಇಟ್ಟು ಗಾಳಿ ತುಂಬಿದೆ. ಗಾಳಿಯ ಒತ್ತಡವೇ ಅದನ್ನು ಅಲ್ಲಿ ಹಿಡಿದು ನಿಲ್ಲಿಸಿತು. ಮನೆಯವರೆಗೆ 44 ಕಿಲೋಮೀಟರ್ ಬಂದೆ. ಮರುದಿನ ನಮ್ಮ ಮೆಕ್ಯಾನಿಕ್ ಹುಡುಗ ಪೊಟ್ಟಣವನ್ನು ತೆಗೆದು ಒಳಗಡೆ ರಬ್ಬರಿನ ತೇಪೆ ಕೂರಿಸಿದ. ಆ ಟೈರು ಈಗಲೂ ಓಡುತ್ತಿದೆ. ಇದನ್ನು ಟೈರಿನ ದೋಷವೆಂದು ನಾನು ಎಣಿಸುವುದಿಲ್ಲ. ಹೊಸ ಕಡಿಯ ಮೇಲೆ ಇಳಿದು ನಡೆಯಬೇಕು, ಅಷ್ಟೇ.

ಅಗಲವಿದ್ದರೂ ತಪ್ಪಿಸಲಾಗದ ವೈರಿ ಇನ್ನೊಂದಿದೆ: ನೆಗ್ಗಿಲು. ಕಾಲುವೆ ದಂಡೆಯ ಮೇಲೆ ನೆಲಕ್ಕೆ ಹಬ್ಬಿ, ಪುಟ್ಟ ಹಳದಿ ಹೂ ಬಿಡುವ ಬಳ್ಳಿ. ಅದರ ಒಣಗಿದ ಕಾಯಿಯನ್ನು ಅಂಗೈಯಲ್ಲಿ ಇಟ್ಟು ನೋಡಿ, ಹೇಗೆ ಹೊರಳಿಸಿದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಐದು ತಿಂಗಳಲ್ಲಿ ಆದ ಏಳು ಪಂಕ್ಚರಿನಲ್ಲಿ ಐದು ನೆಗ್ಗಿಲಿನವು. ಹಾವು ಕಚ್ಚಿದಂಥ ಜೋಡಿ ತೂತು ಮಾತ್ರ ಒಮ್ಮೆಯೂ ಆಗಿಲ್ಲ. ದಾರಿಬದಿಯ ಪಂಕ್ಚರ್ ಅಂಗಡಿಯ ಪಂಪು ನಮ್ಮ ತೆಳ್ಳನೆಯ ಫ್ರೆಂಚ್ ವಾಲ್ವಿಗೆ ಕೂರುವುದಿಲ್ಲ. ಬಟಾಣಿ ಕಾಳಿನಷ್ಟು ಗಾತ್ರದ ಹಿತ್ತಾಳೆಯ ಅಡಾಪ್ಟರ್ ಒಂದನ್ನು ವಾಲ್ವಿಗೇ ಸಿಕ್ಕಿಸಿಟ್ಟುಕೊಳ್ಳಿ. ಹಳ್ಳಿಯಲ್ಲಿ ಅದೊಂದು ಇದ್ದರೆ ಯಾವ ಅಂಗಡಿಯವನೂ ಗಾಳಿ ಹಾಕಿಕೊಡುತ್ತಾನೆ.

ಡಾಂಬರಿನಲ್ಲಿ ಹೇಗೆ ಎಂದು ಎಲ್ಲರೂ ಮೊದಲು ಕೇಳುವ ಪ್ರಶ್ನೆ. 60 ಪಿಎಸ್‌ಐ ಹಾಕಿ ಪಾನಶೇತ್‌ವರೆಗೆ ಹೋಗಿ ಬಂದೆ. ಮೊದಲು ಸರಾಸರಿ ಗಂಟೆಗೆ 25.8 ಕಿಲೋಮೀಟರ್ ಬರುತ್ತಿತ್ತು, ಈಗ 25.2. ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ ಆ 114 ಗ್ರಾಂ ಗೊತ್ತಾಗುತ್ತದೆ, ಒಮ್ಮೆ ಓಟ ಹಿಡಿದ ಮೇಲೆ ಗೊತ್ತಾಗುವುದಿಲ್ಲ. ಗುಂಡಿ ಬಿದ್ದ ರಸ್ತೆಯಲ್ಲಿ ಹೊಸದೇ ಮುಂದು. ಒಂದು ಚಿಕ್ಕ ಕೆಲಸ ಮರೆಯಬೇಡಿ: ಗಾಲಿಯ ಸುತ್ತಳತೆ 2,105ರಿಂದ 2,155 ಮಿಲಿಮೀಟರಿಗೆ ಏರುತ್ತದೆ. ಗಾಲಿಯ ಸುತ್ತು ಎಣಿಸುವ ಮೀಟರ್ ಇದ್ದರೆ ಅದರಲ್ಲಿ ಈ ಅಂಕಿ ಬದಲಿಸಬೇಕು. ಇಲ್ಲದಿದ್ದರೆ ನೀವು ನೂರು ಹೋದರೂ ಅದು ತೊಂಬತ್ತೇಳೂವರೆ ಚಿಲ್ಲರೆ ಎಂದೇ ತೋರಿಸುತ್ತದೆ.

ರೋಡ್ ಸೈಕಲ್ಲನ್ನು ಮಣ್ಣಿಗೆ ಇಳಿಸುವುದು ಅಪಚಾರ ಎಂಬಂತೆ ಕೆಲವರು ನೋಡುತ್ತಾರೆ. ಇಟಲಿಯ ಸಿಯೆನಾದ ಸುತ್ತಲಿನ ಬಿಳಿ ಮಣ್ಣಿನ ದಾರಿಗಳಲ್ಲಿ 2007ರಿಂದ ಸ್ಟ್ರಾಡೆ ಬಿಯಾಂಕೆ ಎಂಬ ವೃತ್ತಿಪರರ ರೇಸ್ ನಡೆಯುತ್ತಿದೆ. ಅವರು ಓಡಿಸುವುದು ರೋಡ್ ಸೈಕಲ್ಲುಗಳನ್ನೇ. ಗ್ರಾವೆಲ್ ಸೈಕಲ್ಲಿಗೆಂದೇ ವಿಶ್ವ ಚಾಂಪಿಯನ್‌ಶಿಪ್ ಶುರುವಾದದ್ದು 2022ರಲ್ಲಿ. ನಮ್ಮ ಅಪ್ಪ ರೋಣದಿಂದ ಹೊಲಕ್ಕೆ ಜೋಳದ ಚೀಲ ಕಟ್ಟಿಕೊಂಡು ಗರಸಿನ ಮೇಲೆ ಸೈಕಲ್ ತುಳಿಯುತ್ತಿದ್ದಾಗ ಇವೆರಡೂ ಇರಲಿಲ್ಲ.

ನೀವು ದಿನವೂ ಉಸುಕು, ಹಸಿ ಎರೆ, ದೊಡ್ಡ ಕಲ್ಲಿನ ದಾರಿಯಲ್ಲೇ ಹೋಗುವವರಾದರೆ 40 ಮಿಲಿಮೀಟರ್ ಹಿಡಿಸುವ ಸೈಕಲ್ಲನ್ನೇ ಕೊಳ್ಳಿ, ಇದರಲ್ಲಿ ಹೆಣಗಬೇಡಿ. ರೇಸ್ ಓಡುವವರಿಗೂ ಇದು ಬೇಡ. ವಾರಕ್ಕೆ ಒಂದೆರಡು ದಿನ ಲಾರಿಗಳಿಂದ ಬಿಡುಗಡೆ ಬೇಕು, ಮನೆಯಲ್ಲಿ ಎರಡನೆಯ ಸೈಕಲ್ಲಿಗೆ ಜಾಗವೂ ದುಡ್ಡೂ ಇಲ್ಲ ಎನ್ನುವವರು ನಿಮ್ಮ ಚೌಕಟ್ಟಿಗೆ ಹಿಡಿಸುವಷ್ಟು ಅಗಲದ ಟೈರು ಹಾಕಿಸಿ, ಗಾಳಿ ಇಳಿಸಿ, ಹ್ಯಾಂಡಲ್ಲನ್ನು ಸಡಿಲವಾಗಿ ಹಿಡಿದು ಹೊರಡಿ. ತಿರುವಿನಲ್ಲಿ ಮುಂದಿನ ಬ್ರೇಕನ್ನು ಮಾತ್ರ ಗಟ್ಟಿಯಾಗಿ ಒತ್ತಬೇಡಿ.

ಜೂನಿಗೆ ಮಳೆ ಹಿಡಿಯುತ್ತದೆ, ಆಮೇಲೆ ನಾಲ್ಕು ತಿಂಗಳು ನನಗೆ ಮತ್ತೆ ಡಾಂಬರೇ ಗತಿ. ಅಕ್ಟೋಬರಿನಲ್ಲಿ ಮಣ್ಣು ಆರಿದ ಮೇಲೆ ಭುಲೇಶ್ವರ ಗುಡ್ಡದ ಕಡೆಯ ಹೊಲದ ದಾರಿಗಳನ್ನು ನೋಡಬೇಕೆಂದಿದ್ದೇನೆ. ಅಂದು ಅಂಗಡಿ ನೀನೇ ತೆರೆಯಬೇಕು ಎಂದು ನಾದಿನಿಗೆ ಈಗಲೇ ಹೇಳಿಟ್ಟಿದ್ದೇನೆ.